ಪಾವಗಡಕ್ಕೆ ಸ್ಯಾಟಲೈಟ್ ಇಂಟರ್ನೆಟ್ ಬಂದರೆ: ಎತ್ತರ ಎಷ್ಟು, ತಡ ಎಷ್ಟು?

ಸ್ಯಾಟಲೈಟ್ ಇಂಟರ್ನೆಟ್ ಬಗ್ಗೆ ಈಗ ಎಲ್ಲ ಕಡೆ ಮಾತು. ನಮ್ಮ ತುಮಕೂರು ಜಿಲ್ಲೆಯಲ್ಲಿ, ಅದರಲ್ಲೂ ಪಾವಗಡದ ಕಡೆ, ಈ ಮಾತು ಇನ್ನೂ ಜಾಸ್ತಿ. ಕಾರಣ ಆ ಕಡೆ ಓಡಾಡಿದವರಿಗೆಲ್ಲ ಗೊತ್ತು. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ, ನಡುವೆ ಬಂಡೆಗುಡ್ಡಗಳು. ಗುಡ್ಡದ ಆ ಕಡೆ ಟವರ್ ಇದ್ದರೆ ಈ ಕಡೆಯ ಹಳ್ಳಿಗೆ ಸಿಗ್ನಲ್ ಇಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿ ಕಾಯಬೇಕು, ಒಂದು ಒಟಿಪಿಗೆ ಮಹಡಿ ಹತ್ತಬೇಕು. ಇಂಥ ಊರಿನವರಿಗೆ ಆಕಾಶದಿಂದ ನೇರವಾಗಿ ನೆಟ್ ಬರುತ್ತದೆ ಅಂದರೆ ಆಸೆ ಹುಟ್ಟದೆ ಇರುತ್ತದಾ?

ಇಲಾನ್ ಮಸ್ಕ್ ಅವರ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿತು, ಜುಲೈನಲ್ಲಿ ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್ ಒಪ್ಪಿಗೆ ಕೊಟ್ಟಿತು. ಒನ್‌ವೆಬ್ ಮತ್ತು ಜಿಯೋ ಕಂಪನಿಗಳಿಗೆ ಲೈಸೆನ್ಸ್ ಅದಕ್ಕೂ ಮೊದಲೇ ಸಿಕ್ಕಿತ್ತು. ಹಳೇ ಕಾಲದ ಉಪಗ್ರಹದಿಂದ ನೆಟ್ ಕೊಡುವ ಕಂಪನಿಗಳು ವರ್ಷಗಳಿಂದ ಇವೆ. ಎಲ್ಲರೂ ಮಾರುವುದು ಒಂದೇ ಹೆಸರಲ್ಲಿ, ಸ್ಯಾಟಲೈಟ್ ಇಂಟರ್ನೆಟ್ ಅಂತ. ಜನ ಕೇಳುವುದೂ ಒಂದೇ ಪ್ರಶ್ನೆ, ಎಷ್ಟು ಎಂಬಿಪಿಎಸ್ ಕೊಡುತ್ತೀರಿ ಅಂತ.

ಆ ಪ್ರಶ್ನೆ ಸಾಲದು. ಉಪಗ್ರಹ ಎಷ್ಟು ಎತ್ತರದಲ್ಲಿದೆ ಅಂತ ಮೊದಲು ಕೇಳಬೇಕು. ಅದು ಕೆಳಗೇ ಇದೆ ಅಂತ ಗೊತ್ತಾದ ಮೇಲೆ ಎತ್ತರದ ಚಿಂತೆ ಬಿಟ್ಟು, ಸಿಗ್ನಲ್ ನೆಲಕ್ಕೆ ಎಲ್ಲಿ ಇಳಿಯುತ್ತದೆ ಅಂತ ಕೇಳಬೇಕು. ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

ವೇಗ ಬೇರೆ, ತಡ ಬೇರೆ. ತುಮಕೂರಿನವರಿಗೆ ಇದನ್ನು ಹೇಮಾವತಿ ನಾಲೆಯಿಂದಲೇ ಹೇಳಬಹುದು. ಗೊರೂರಿನಲ್ಲಿ ಗೇಟು ಎತ್ತಿದ ತಕ್ಷಣ ಬುಗುಡನಹಳ್ಳಿ ಕೆರೆಗೆ ನೀರು ಬಂದುಬಿಡುವುದಿಲ್ಲ. ನಾಲೆ ಎಷ್ಟೇ ಅಗಲ ಇರಲಿ, ಮೊದಲ ಹನಿ ಅಷ್ಟು ದೂರ ಹರಿದು ಬರಲೇಬೇಕು. ನಾಲೆಯ ಅಗಲ ಎಂಬಿಪಿಎಸ್, ನಾಲೆಯ ಉದ್ದ ತಡ. ಕಂಪನಿಯವರು ಅಗಲವನ್ನು ಮಾತ್ರ ಜಾಹೀರಾತಿನಲ್ಲಿ ಹಾಕುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಸುಲಭದ ಲೆಕ್ಕವೇ.

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಓಡುತ್ತದೆ. ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅಂದರೆ ಒಂದು ಮಿಲಿಸೆಕೆಂಡಿಗೆ 300 ಕಿ.ಮೀ. ಇದಕ್ಕಿಂತ ಜಾಸ್ತಿ ವೇಗ ಯಾವ ಕಂಪನಿಯ ಕೈಯಲ್ಲೂ ಇಲ್ಲ. ನೀವು ಮೊಬೈಲಿನಲ್ಲಿ ಏನಾದರೂ ಒತ್ತಿದರೆ ಆ ಕೋರಿಕೆ ಮನೆಯ ಡಿಶ್‌ನಿಂದ ಉಪಗ್ರಹಕ್ಕೆ ಏರಬೇಕು, ಉಪಗ್ರಹದಿಂದ ಕಂಪನಿಯ ನೆಲದ ಸ್ಟೇಷನ್ನಿಗೆ ಇಳಿಯಬೇಕು. ಉತ್ತರವೂ ಅದೇ ದಾರಿಯಲ್ಲಿ ಮತ್ತೆ ಏರಿ ಮತ್ತೆ ಇಳಿಯಬೇಕು. ಹಾಗಾಗಿ ಒಂದು ಪ್ರಶ್ನೆಗೆ ಒಂದು ಉತ್ತರ ಬರಬೇಕಾದರೆ ಉಪಗ್ರಹದ ಎತ್ತರವನ್ನು ನಾಲ್ಕು ಸಲ ದಾಟಬೇಕು. ನಾಲ್ಕರಿಂದ ಗುಣಿಸಿ, 300ರಿಂದ ಭಾಗಿಸಿ. ಬಂದ ಉತ್ತರವೇ ಆ ಎತ್ತರಕ್ಕೆ ತೆರಲೇಬೇಕಾದ ಕನಿಷ್ಠ ತಡ, ಮಿಲಿಸೆಕೆಂಡಿನಲ್ಲಿ.

ಮನೆ ಮೇಲಿನ ಟಿವಿ ಡಿಶ್ ನೋಡುವ ಉಪಗ್ರಹಗಳು ಭೂಸ್ಥಿರ ಕಕ್ಷೆಯಲ್ಲಿವೆ. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರ. ಆ ಎತ್ತರದಲ್ಲಿ ಉಪಗ್ರಹ ಒಂದು ಸುತ್ತು ಬರುವುದಕ್ಕೂ ಭೂಮಿ ತನ್ನ ಸುತ್ತ ಒಂದು ಸಲ ತಿರುಗುವುದಕ್ಕೂ ಒಂದೇ ಸಮಯ ಹಿಡಿಯುತ್ತದೆ, 23 ಗಂಟೆ 56 ನಿಮಿಷ. ಅದಕ್ಕೇ ಅದು ಆಕಾಶದಲ್ಲಿ ನಿಂತ ಜಾಗದಲ್ಲೇ ನಿಂತಂತೆ ಕಾಣುತ್ತದೆ, ಡಿಶ್ ಒಮ್ಮೆ ಕೂರಿಸಿದರೆ ಮತ್ತೆ ತಿರುಗಿಸುವ ಕೆಲಸ ಇಲ್ಲ. ಇಸ್ರೋದ ಜಿಸ್ಯಾಟ್-11 ಇಂಥದ್ದು. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದಿಂದ ಹಾರಿದ್ದು, ತೂಕ 5,854 ಕಿಲೋ, 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಇದೆ. ಬ್ರಾಡ್‌ಬ್ಯಾಂಡ್‌ಗೆ ಅಂತಲೇ ಮಾಡಿದ್ದು. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಪಕ್ಕದ ಹಾಸನದಲ್ಲೇ.

ತುಮಕೂರಿನಿಂದ ಜಿಸ್ಯಾಟ್-11ಕ್ಕೆ ನೇರ ದೂರ ಸುಮಾರು 36,000 ಕಿ.ಮೀ. ನಾಲ್ಕು ಸಲ ಅಂದರೆ 1,44,000 ಕಿ.ಮೀ. ಅಂದರೆ 480 ಮಿಲಿಸೆಕೆಂಡ್, ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಇದು ಬರೀ ದಾರಿಯ ಖರ್ಚು. ಮೋಡೆಮ್, ನೆಲದ ಸ್ಟೇಷನ್, ಅಲ್ಲಿಂದ ಸರ್ವರ್ ತನಕದ ಕೇಬಲ್ ಎಲ್ಲ ಸೇರಿ 600 ಮಿಲಿಸೆಕೆಂಡ್ ದಾಟುವುದು ಮಾಮೂಲಿ.

ಅರ್ಧ ಸೆಕೆಂಡ್ ತಾನೇ, ಅದರಲ್ಲೇನು ಅಂತ ಅನ್ನಿಸಬಹುದು. ಆದರೆ ಒಂದು ವೆಬ್‌ಸೈಟ್ ತೆರೆಯುವುದು ಒಂದೇ ಪ್ರಶ್ನೆ ಒಂದೇ ಉತ್ತರದ ಕೆಲಸ ಅಲ್ಲ. ಮೊದಲು ಆ ಹೆಸರಿನ ಸೈಟ್ ಯಾವ ವಿಳಾಸದಲ್ಲಿದೆ ಅಂತ ಕೇಳಬೇಕು, ಅದಕ್ಕೊಂದು ಸುತ್ತು. ಸರ್ವರ್ ಜೊತೆ ಸಂಪರ್ಕ ಕಟ್ಟಿಕೊಳ್ಳಲು ಇನ್ನೊಂದು. ಗುಟ್ಟು ಕಾಯುವ ಬೀಗ ಹಾಕಿಕೊಳ್ಳಲು ಮತ್ತೊಂದು, ಹಳೇ ವಿಧಾನವಾದರೆ ಎರಡು. ಆಮೇಲೆ ಪುಟ ಕೊಡಿ ಅಂತ ಕೇಳಲು ಇನ್ನೂ ಒಂದು. ಒಂದೊಂದು ಸುತ್ತಿಗೆ 600 ಮಿಲಿಸೆಕೆಂಡ್ ಹಿಡಿದರೆ, ಪುಟದ ಮೊದಲ ಅಕ್ಷರ ಬರುವಷ್ಟರಲ್ಲಿ ಎರಡೂವರೆ ಸೆಕೆಂಡ್ ಹೋಗಿರುತ್ತದೆ. ಪುಟದೊಳಗೆ ಬೇರೆ ಬೇರೆ ಸರ್ವರ್‌ಗಳಿಂದ ಬರಬೇಕಾದ ಚಿತ್ರ, ಫಾಂಟ್, ಲಾಗಿನ್ ಇದ್ದರೆ ಈ ಸುತ್ತಾಟ ಮತ್ತೆ ಶುರು. ಪಂಚಾಯಿತಿ ಆಫೀಸಿನಲ್ಲಿ ಕೂತು ಇ-ಸ್ವತ್ತು ಅರ್ಜಿ ತುಂಬುವವರು ಒಂದೊಂದು ಪುಟಕ್ಕೂ ಇದೇ ತಡ ಅನುಭವಿಸಬೇಕು, 100 ಎಂಬಿಪಿಎಸ್ ಇದ್ದರೂ ಸರಿ. ಯಾಕೆಂದರೆ ಆ ಹೊತ್ತಿನಲ್ಲಿ ಸಾಗುತ್ತಿರುವುದು ನಾಲ್ಕು ಮಾತು, ಸಿನಿಮಾ ಅಲ್ಲ.

ಭೂಸ್ಥಿರ ಉಪಗ್ರಹದ ಕಂಪನಿಗಳು ಇದಕ್ಕೊಂದು ಉಪಾಯ ಮಾಡಿಕೊಂಡಿವೆ. ಡೇಟಾ ಬಂತು ಅಂತ ಆಚೆ ಕಡೆಯಿಂದ ಬರಬೇಕಾದ ಒಪ್ಪಿಗೆಯನ್ನು ಮೋಡೆಮ್ಮೇ ಇಲ್ಲಿ ಕೊಟ್ಟುಬಿಡುತ್ತದೆ, ಕಂಪ್ಯೂಟರ್ ಕಾಯದೆ ಮುಂದಿನದನ್ನು ಕಳಿಸುತ್ತದೆ. ದೊಡ್ಡ ಫೈಲ್ ಇಳಿಸಲು ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಡೇಟಾಕ್ಕೆಲ್ಲ ಬೀಗ ಹಾಕಿ ಕಳಿಸುವ ಆಫೀಸಿನ ವಿಪಿಎನ್ ಹಾಕಿದ ತಕ್ಷಣ ಮೋಡೆಮ್‌ಗೆ ಒಳಗೇನಿದೆ ಅಂತ ಕಾಣುವುದಿಲ್ಲ, ಉಪಾಯ ಅಲ್ಲಿಗೆ ನಿಂತುಹೋಗುತ್ತದೆ. ಮನುಷ್ಯರು ಮಾತಾಡುವಾಗ ಅಂತೂ ಯಾವ ಉಪಾಯವೂ ನಡೆಯುವುದಿಲ್ಲ. ಉತ್ತರ ಏನು ಅಂತ ಮೋಡೆಮ್ ಹೇಗೆ ಊಹಿಸುತ್ತದೆ?

ಮಾತಿನ ವಿಷಯದಲ್ಲಿ ಈ ತಡ ಏನು ಮಾಡುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಭಾವ ಪಾವಗಡದ ಕಡೆ ಮೇಷ್ಟ್ರು. ಅವರ ಶಾಲೆಗೆ ಒಬ್ಬ ದಾನಿ ಕೊಡಿಸಿದ ಭೂಸ್ಥಿರ ಉಪಗ್ರಹದ ಸಂಪರ್ಕ ಇತ್ತು. ತುಮಕೂರಿನಿಂದ ಒಬ್ಬರು ಟೀಚರ್ ವಿಡಿಯೋದಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಚಿತ್ರ ಸ್ವಚ್ಛವಾಗಿತ್ತು, ದನಿಯೂ ಸರಿಯಾಗಿತ್ತು. ಟೀಚರ್ "ಹದಿಮೂರೈದ್ಲಿ ಎಷ್ಟು?" ಅಂತ ಕೇಳಿದರು. ಮಕ್ಕಳು ತಕ್ಷಣ "ಅರವತ್ತೈದು" ಅಂತ ಕೂಗಿದರು. ಆದರೆ ಆ ಕೂಗು ಟೀಚರ್‌ಗೆ ತಲುಪುವಷ್ಟರಲ್ಲಿ ಅವರು, ಮಕ್ಕಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡು, ಪ್ರಶ್ನೆಯನ್ನು ಮತ್ತೆ ಶುರು ಮಾಡಿದ್ದರು. ಅವರ ಮಾತು, ಮಕ್ಕಳ ಮಾತು ಒಂದರ ಮೇಲೊಂದು ಬಿತ್ತು. ಟೀಚರ್ ನಿಲ್ಲಿಸಿದರು, ಮಕ್ಕಳೂ ನಿಲ್ಲಿಸಿದರು. ಆಮೇಲೆ ಇಬ್ಬರೂ ಒಟ್ಟಿಗೆ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮಕ್ಕಳು ಉತ್ತರ ಹೇಳುವುದನ್ನೇ ಬಿಟ್ಟು ಸುಮ್ನೆ ಕೂತರು. "ಪಾಠ ಕೇಳೋಕೆ ಅಡ್ಡಿಯಿಲ್ಲ ಕಣಪ್ಪ, ಮಾತಾಡೋಕೆ ಆಗಲ್ಲ" ಅಂದರು ಭಾವ. ಅದಕ್ಕಿಂತ ಚೆನ್ನಾಗಿ ಇದನ್ನು ಹೇಳಲು ನನಗೆ ಬರುವುದಿಲ್ಲ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದಕ್ಕೆ ಅಳತೆಯನ್ನೂ ಕೊಟ್ಟಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದನಿ ತಲುಪಲು 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಲೀಸು. 400 ದಾಟಿದರೆ ಒಪ್ಪುವಂಥದ್ದಲ್ಲ. ಭೂಸ್ಥಿರ ಉಪಗ್ರಹದಲ್ಲಿ ಒಂದು ಕಡೆಯ ದಾರಿಗೇ 240 ಆಗುತ್ತದೆ, ವಿಡಿಯೋ ಮಾಡುವ, ಬಿಡಿಸುವ ಕೆಲಸ ಅದರ ಮೇಲೆ. ಟಿವಿ ನ್ಯೂಸ್‌ನಲ್ಲಿ ಆ್ಯಂಕರ್ ಪ್ರಶ್ನೆ ಕೇಳಿ ಮುಗಿಸಿದ ಮೇಲೂ ಒಬಿ ವ್ಯಾನ್ ಮುಂದೆ ನಿಂತ ವರದಿಗಾರ ಕ್ಯಾಮೆರಾ ನೋಡುತ್ತಾ ಸುಮ್ಮನೆ ನಿಂತಿರುತ್ತಾರಲ್ಲ, ಅದಕ್ಕೂ ಈ ತಡವೇ ದೊಡ್ಡ ಕಾರಣ.

ಹಾಗಂತ ಭೂಸ್ಥಿರ ಉಪಗ್ರಹ ಕೆಲಸಕ್ಕೆ ಬಾರದ್ದು ಅಂತ ಯಾರೂ ತಿಳಿಯಬಾರದು. ಹಳ್ಳಿಯ ಎಟಿಎಂ ಎಷ್ಟೋ ಕಡೆ ಅದರ ಮೇಲೇ ನಡೆಯುತ್ತದೆ. ದುಡ್ಡು ಬರಲು ಒಂದೆರಡು ಸೆಕೆಂಡ್ ಜಾಸ್ತಿ ಆದರೆ ಯಾರಿಗೂ ನಷ್ಟವಿಲ್ಲ. ತಿಪಟೂರಿನ ಕೊಬ್ಬರಿ ಇ-ಟೆಂಡರ್‌ನಲ್ಲಿ ಸಮಯದೊಳಗೆ ಬೆಲೆ ನಮೂದಿಸಿದರೆ ಆಯಿತು, ಅರ್ಧ ಸೆಕೆಂಡಿನ ತಡ ಅಲ್ಲಿ ಲೆಕ್ಕಕ್ಕೇ ಇಲ್ಲ. ತಿರುಮಣಿಯ ಸೋಲಾರ್ ಪಾರ್ಕ್‌ನಂಥ ಕಡೆ ಎಷ್ಟು ಕರೆಂಟ್ ಬಂತು ಅಂತ ದಾಖಲಿಸಿ ಕಳಿಸುವುದಕ್ಕೂ ಅಷ್ಟೇ. ಯೂಟ್ಯೂಬ್ ಮೊದಲೇ ಒಂದಿಷ್ಟು ತುಂಬಿಟ್ಟುಕೊಂಡು ಓಡುತ್ತದೆ, ವಾಟ್ಸಾಪ್ ಮೆಸೇಜಿಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಮಾತುಕತೆಯಲ್ಲಿ, ವಿಡಿಯೋದಲ್ಲಿ ಡಾಕ್ಟರ್ ನೋಡುವುದರಲ್ಲಿ, ಊರಿನಲ್ಲೇ ಕೂತು ಬೆಂಗಳೂರಿನ ಕಂಪನಿಯ ಕೆಲಸ ಮಾಡುವುದರಲ್ಲಿ, ಹುಡುಗರ ಆಟದಲ್ಲಿ. ನನಗೆ ಮುಖ್ಯ ಅನ್ನಿಸುವುದು ಮೊದಲ ಮೂರು. ಡಿಗ್ರಿ ಮುಗಿಸಿದ ಹುಡುಗಿ ಪಾವಗಡ ಬಿಡದೆ ಕೆಲಸ ಮಾಡಬಹುದಾ ಇಲ್ಲವಾ ಅನ್ನುವುದು ಈ ಮಿಲಿಸೆಕೆಂಡುಗಳ ಮೇಲೆ ನಿಂತಿದೆ.

ಈಗ ಕೆಳಗೆ ಇಳಿಯೋಣ. ಎಸ್‌ಇಎಸ್ ಕಂಪನಿಯ ಓ3ಬಿ ಉಪಗ್ರಹಗಳು 8,062 ಕಿ.ಮೀ. ಎತ್ತರದಲ್ಲಿ ಸಮಭಾಜಕದ ಮೇಲೇ ಸುತ್ತುತ್ತವೆ. ಜಿಯೋ 2023ರ ಅಕ್ಟೋಬರ್‌ನಲ್ಲಿ ದೆಹಲಿಯ ಇಂಡಿಯಾ ಮೊಬೈಲ್ ಕಾಂಗ್ರೆಸ್‌ನಲ್ಲಿ ತೋರಿಸಿದ್ದು ಈ ಉಪಗ್ರಹಗಳ ನೆಟ್ಟನ್ನೇ, ಗುಜರಾತಿನ ಗಿರ್, ಛತ್ತೀಸ್‌ಗಢದ ಕೊರ್ಬಾದಂಥ ಜಾಗಗಳನ್ನು ಜೋಡಿಸಿ. ಇಲ್ಲಿ ದಾರಿಯ ತಡ 107 ಮಿಲಿಸೆಕೆಂಡ್. ಮಾತುಕತೆಗೆ ಪರವಾಗಿಲ್ಲ.

ಒನ್‌ವೆಬ್ 1,200 ಕಿ.ಮೀ. ಎತ್ತರದಲ್ಲಿದೆ. ಅದರ 72 ಉಪಗ್ರಹಗಳನ್ನು ಹಾರಿಸಿದ್ದು ನಮ್ಮ ಇಸ್ರೋ, 2022ರ ಅಕ್ಟೋಬರ್‌ನಲ್ಲಿ 36, 2023ರ ಮಾರ್ಚ್‌ನಲ್ಲಿ 36, ಎರಡೂ ಸಲ ಶ್ರೀಹರಿಕೋಟಾದಿಂದ. ಇದರ ದಾರಿಯ ತಡ 16 ಮಿಲಿಸೆಕೆಂಡ್. ಸ್ಟಾರ್‌ಲಿಂಕ್‌ನ ಬಹಳಷ್ಟು ಉಪಗ್ರಹಗಳು ಇದ್ದದ್ದು 550 ಕಿ.ಮೀ. ಆಸುಪಾಸಿನಲ್ಲಿ. ತಡ 7 ಮಿಲಿಸೆಕೆಂಡ್ ಚಿಲ್ಲರೆ.

480 ಎಲ್ಲಿ, 7 ಎಲ್ಲಿ! ಭೂಸ್ಥಿರ ಕಕ್ಷೆ ಬಿಟ್ಟು ಕೆಳಗೆ ಬಂದರೆ ಸಿಗುವ ಲಾಭ ಇಷ್ಟು ದೊಡ್ಡದು. ಇದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಗಳಿಸಲು ಆಗುವುದಿಲ್ಲ.

ಹಾಗಾದರೆ ಎಲ್ಲ ಉಪಗ್ರಹಗಳನ್ನೂ ಕೆಳಗೇ ಹಾರಿಸಬಹುದಿತ್ತಲ್ಲ ಅಂದರೆ, ಅದಕ್ಕೆ ಬೆಲೆ ಇದೆ. ಮೇಲಿದ್ದರೆ ಮೂರು ಉಪಗ್ರಹದಲ್ಲಿ ಧ್ರುವಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭೂಮಿ ಕಾಣುತ್ತದೆ. 550 ಕಿ.ಮೀ.ಗೆ ಇಳಿದರೆ ಒಂದೊಂದಕ್ಕೂ ಕಾಣುವ ನೆಲ ಚಿಕ್ಕದು, ಅದರ ಮೇಲೆ ಅವು ಸೆಕೆಂಡಿಗೆ 7.6 ಕಿ.ಮೀ. ಓಡುತ್ತವೆ, ನಮ್ಮ ತಲೆ ಮೇಲೆ ಇರುವುದು ಕೆಲವೇ ನಿಮಿಷ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದು ಬಂದಿರಬೇಕು. ಅದಕ್ಕೇ ಸಾವಿರಗಟ್ಟಲೆ ಬೇಕು. ಕೆಳಗಿನ ಡಿಶ್ ಕೂಡ ಟಿವಿ ಡಿಶ್‌ನಂತೆ ಒಂದೇ ಕಡೆ ನೋಡುತ್ತಾ ಕೂರುವಂತಿಲ್ಲ. ತನ್ನ ಕಿರಣವನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸುತ್ತಾ ಒಂದರಿಂದ ಒಂದಕ್ಕೆ ಹಾರಬೇಕು. ಸ್ಟಾರ್‌ಲಿಂಕ್‌ನಲ್ಲಿ ಯಾರು ಯಾವ ಉಪಗ್ರಹಕ್ಕೆ ಅನ್ನುವ ಹಂಚಿಕೆ 15 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಆ ಕ್ಷಣಕ್ಕೆ ಪಿಂಗ್, ಅಂದರೆ ಹೋಗಿಬರುವ ಒಂದು ಸುತ್ತಿನ ತಡ, ಏರುಪೇರಾಗುವುದನ್ನು ಅಳೆದು ನೋಡಿದವರು ಬಹಳ ಮಂದಿ.

ಇಲ್ಲಿಂದ ಮುಂದೆ ಕಥೆ ತಿರುಗುತ್ತದೆ.

2026ರ ಶುರುವಿನಲ್ಲಿ ಸ್ಟಾರ್‌ಲಿಂಕ್ ಒಂದು ವಿಷಯ ಹೇಳಿತು. 550 ಕಿ.ಮೀ. ಎತ್ತರದಲ್ಲಿರುವ ಸುಮಾರು 4,400 ಉಪಗ್ರಹಗಳನ್ನು ಆ ವರ್ಷದಲ್ಲೇ 480 ಕಿ.ಮೀ.ಗೆ ಇಳಿಸುತ್ತೇವೆ ಅಂತ. ಓಹೋ, ಇನ್ನು ತಡ ಇನ್ನೂ ಕಡಿಮೆ ಅಂತ ನಮ್ಮ ಹುಡುಗರು ಸ್ಟೇಟಸ್ ಹಾಕಿದರು. ಲೆಕ್ಕ ಮಾಡಿ ನೋಡಿ. 70 ಕಿ.ಮೀ. ಇಳಿದರೆ ನಾಲ್ಕು ಸಲಕ್ಕೆ 280 ಕಿ.ಮೀ. ಉಳಿತಾಯ. 300ರಿಂದ ಭಾಗಿಸಿದರೆ ಒಂದು ಮಿಲಿಸೆಕೆಂಡ್ ಕೂಡ ಆಗುವುದಿಲ್ಲ. ಕಂಪನಿ ಕೊಟ್ಟ ಕಾರಣವೂ ಅದಲ್ಲ, ಸುರಕ್ಷತೆ. 500 ಕಿ.ಮೀ. ಕೆಳಗೆ ಕಸ ಕಡಿಮೆ. ಕೆಟ್ಟುಹೋದ ಉಪಗ್ರಹ ಬೇಗ ಕೆಳಗೆ ಬಿದ್ದು ಸುಟ್ಟುಹೋಗುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಬಳಸುವವರಿಗೆ ಜನ ಜಾಸ್ತಿ ಬಳಸುವ ಹೊತ್ತಿನಲ್ಲಿ ನಡುವಿನ (ಮೀಡಿಯನ್) ತಡ 48.5 ಮಿಲಿಸೆಕೆಂಡ್ ಇದ್ದದ್ದು 33ಕ್ಕೆ ಇಳಿಯಿತು ಅಂತ ಕಂಪನಿ 2024ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಆಗ ಉಪಗ್ರಹಗಳ ಎತ್ತರ ಬದಲಾಗಿರಲಿಲ್ಲ. 15 ಮಿಲಿಸೆಕೆಂಡ್ ಉಳಿದದ್ದು ಆಕಾಶದಲ್ಲಲ್ಲ, ನೆಲದ ಮೇಲೆ ಮತ್ತು ಸಾಫ್ಟ್‌ವೇರ್‌ನಲ್ಲಿ. ಡೇಟಾ ಎಲ್ಲೆಲ್ಲಿ ಸಾಲು ನಿಲ್ಲುತ್ತದೆ, ಯಾವ ಗೇಟ್‌ವೇಗೆ, ಅಂದರೆ ಕಂಪನಿಯ ಯಾವ ನೆಲದ ಸ್ಟೇಷನ್ನಿಗೆ ಇಳಿಯುತ್ತದೆ, ಅಲ್ಲಿಂದ ಯಾವ ದಾರಿಯಲ್ಲಿ ಇಂಟರ್ನೆಟ್ ಸೇರುತ್ತದೆ ಅನ್ನುವುದನ್ನು ಸರಿಮಾಡಿದ್ದರಿಂದ. 33ರಲ್ಲಿ ಎತ್ತರದ ಪಾಲು 7ರಿಂದ 15 ಅಷ್ಟೇ, ಉಪಗ್ರಹ ನೆತ್ತಿಯ ಮೇಲಿದ್ದರೆ 7, ದಿಗಂತದ ಕಡೆ ವಾಲಿದ್ದರೆ 15. ಉಳಿದದ್ದೆಲ್ಲ ಬೇರೆ ಕಡೆಯದು.

ಈ ವಾಲುವ ವಿಷಯ ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ, ಇದನ್ನು ಕನ್ನಡದಲ್ಲಿ ಯಾರೂ ಬರೆದದ್ದು ನಾನು ಓದಿಲ್ಲ. ತುಮಕೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕಿದೆ. ಭೂಸ್ಥಿರ ಉಪಗ್ರಹಗಳ ಸಾಲು ನಮ್ಮ ಆಕಾಶದಲ್ಲಿ ನೆತ್ತಿಯಿಂದ ಸ್ವಲ್ಪವೇ ದಕ್ಷಿಣಕ್ಕೆ ಹಾದುಹೋಗುತ್ತದೆ. ಕೆಳಗಿನ ಉಪಗ್ರಹಗಳು ಅದೇ ತರಂಗಾಂತರ ಬಳಸುವಾಗ ಮೇಲಿನವರಿಗೆ ತೊಂದರೆ ಕೊಡಬಾರದು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಹಾಗಾಗಿ ಆ ಸಾಲಿನ ಅಕ್ಕಪಕ್ಕದ ಆಕಾಶದಲ್ಲಿ ಅವು ನಮ್ಮ ಡಿಶ್ ಜೊತೆ ಮಾತಾಡುವುದನ್ನು ತಪ್ಪಿಸುತ್ತವೆ. ಲಂಡನ್ನಿನವರಿಗೆ ಆ ಸಾಲು ದಕ್ಷಿಣದ ಕಡೆ ತಗ್ಗಿನಲ್ಲಿದೆ, ನೆತ್ತಿ ಪೂರ್ತಿ ಖಾಲಿ. ನಮಗೆ ನೆತ್ತಿಯ ಹತ್ತಿರವೇ ಅಡ್ಡಿ. ಅಂದರೆ ಅತಿ ಹತ್ತಿರದ ಉಪಗ್ರಹ ಬಿಟ್ಟು ಸ್ವಲ್ಪ ವಾಲಿದ ಉಪಗ್ರಹವನ್ನೇ ಹಿಡಿಯಬೇಕಾದ ಸಂದರ್ಭ ಇಲ್ಲಿ ಜಾಸ್ತಿ.

ಇದರ ಜೊತೆಗೆ ಇನ್ನೊಂದಿದೆ. ಸ್ಟಾರ್‌ಲಿಂಕ್‌ನ ಬಹಳಷ್ಟು ಉಪಗ್ರಹಗಳ ಕಕ್ಷೆ ಸಮಭಾಜಕಕ್ಕೆ 53 ಡಿಗ್ರಿ ಆಸುಪಾಸಿನಲ್ಲಿ ವಾಲಿದೆ. ಅವು ಒತ್ತಾಗಿ ಸೇರುವುದು ಯುರೋಪಿನಂಥ ಅಕ್ಷಾಂಶಗಳ ಮೇಲೆ, ನಮ್ಮ ಮೇಲೆ ವಿರಳ. ಒನ್‌ವೆಬ್ ಅಂತೂ ಧ್ರುವದಿಂದ ಧ್ರುವಕ್ಕೆ ಸುತ್ತುತ್ತದೆ, ಅದು ದಟ್ಟವಾಗುವುದು ಧ್ರುವಗಳ ಕಡೆ. ಒಂದು ಉಪಗ್ರಹಕ್ಕೆ ಜನ ಜಾಸ್ತಿ ಆದಷ್ಟೂ ಸಾಲು ಉದ್ದ, ಸಾಲು ಉದ್ದ ಆದಷ್ಟೂ ತಡ. ಯುರೋಪಿನಲ್ಲೋ ಅಮೆರಿಕದಲ್ಲೋ ತೆಗೆದ ಸ್ಪೀಡ್‌ಟೆಸ್ಟ್ ಫೋಟೋ ತೋರಿಸಿ ಇಲ್ಲೂ ಹೀಗೇ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗೇಟ್‌ವೇ ವಿಷಯಕ್ಕೆ ಬರುತ್ತೇನೆ. ಭಾರತದ ನಿಯಮದ ಪ್ರಕಾರ ಇಲ್ಲಿನ ಬಳಕೆದಾರರ ಡೇಟಾ ಭಾರತದೊಳಗಿನ ಗೇಟ್‌ವೇ ಮೂಲಕವೇ ಹೋಗಬೇಕು. ಭದ್ರತೆಗಾಗಿ ಮಾಡಿದ ನಿಯಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಪ್ರಶ್ನೆ ಇರುವುದು ಆ ಗೇಟ್‌ವೇ ಯಾವ ಊರಿನಲ್ಲಿ ಅನ್ನುವುದು. ಫೈಬರ್ ಕೇಬಲ್ಲಿನ ಗಾಜಿನಲ್ಲಿ ಬೆಳಕು ಸ್ವಲ್ಪ ನಿಧಾನ, ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆ ಲೆಕ್ಕದಲ್ಲಿ 1,000 ಕಿ.ಮೀ. ಕೇಬಲ್ಲಿಗೆ ಹೋಗಿಬರಲು 10 ಮಿಲಿಸೆಕೆಂಡ್. ಬೆಂಗಳೂರಿಂದ ಮುಂಬೈಗೆ ಹತ್ತಿರ ಹತ್ತಿರ ಅಷ್ಟೇ ದೂರ. ಈಗ ಇದೇ 10 ಮಿಲಿಸೆಕೆಂಡನ್ನು ಎತ್ತರಕ್ಕೆ ಬದಲಿಸಿ ನೋಡಿ, 750 ಕಿ.ಮೀ. ಬರುತ್ತದೆ. ಪಾವಗಡದ ಡೇಟಾ ಮುಂಬೈ ಕಡೆಯ ಗೇಟ್‌ವೇಯಲ್ಲಿ ಇಳಿದು, ಬೆಂಗಳೂರಿನ ಸರ್ವರ್‌ಗೆ ನೆಲದ ಮೇಲೆ ವಾಪಸ್ ಬರಬೇಕಾದರೆ, ಉಪಗ್ರಹವನ್ನು 550ರಿಂದ 1,300 ಕಿ.ಮೀ.ಗೆ ಎತ್ತಿ ಕೂರಿಸಿದಷ್ಟೇ ತಡ ಆಗುತ್ತದೆ! 70 ಕಿ.ಮೀ. ಇಳಿಸಿದ್ದಕ್ಕೆ ಸ್ಟೇಟಸ್ ಹಾಕಿದವರು ಈ 750ರ ಬಗ್ಗೆ ಯೋಚಿಸಬೇಕಿತ್ತು, ಅಲ್ವಾ?

ಹಾಗಾಗಿ 1,200 ಕಿ.ಮೀ. ಎತ್ತರದ ಕಂಪನಿಯೊಂದು ಹತ್ತಿರದಲ್ಲಿ ಗೇಟ್‌ವೇ ಇಟ್ಟುಕೊಂಡರೆ, ಅದು 550 ಕಿ.ಮೀ. ಎತ್ತರದಲ್ಲಿದ್ದು ದೂರದ ಗೇಟ್‌ವೇ ಬಳಸುವ ಕಂಪನಿಗೆ ಸಮ ಆಗಬಹುದು, ಕೆಲವೊಮ್ಮೆ ಅದನ್ನು ಮೀರಿಸಲೂಬಹುದು. 550 ವಾಸಿಯಾ 1,200 ವಾಸಿಯಾ ಅಂತ ಜಗಳ ಮಾಡುವುದರಲ್ಲಿ ಅರ್ಥವಿಲ್ಲ.

ಇನ್ನು ಫೈಬರ್. ಪಾವಗಡದಿಂದ ಬೆಂಗಳೂರಿಗೆ 160 ಕಿ.ಮೀ. ಆಸುಪಾಸು. ಕೇಬಲ್ಲಿನಲ್ಲಿ ಹೋಗಿಬರಲು 1.6 ಮಿಲಿಸೆಕೆಂಡ್, ಸುತ್ತುಬಳಸು ದಾರಿ ಹಿಡಿದು ಮೂರು ಪಟ್ಟು ಆದರೂ 5. ಈ ಯಾವ ಉಪಗ್ರಹವೂ ಇದನ್ನು ಮೀರಿಸುವುದಿಲ್ಲ, 480 ಕಿ.ಮೀ.ಗೆ ಇಳಿದರೂ ಇಲ್ಲ. ಸರ್ಕಾರದ ಭಾರತ್‌ನೆಟ್ ಯೋಜನೆಯ ಕೇಬಲ್ ಪಂಚಾಯಿತಿ ತನಕ ಬಂದಿರುವ ಊರಿನಲ್ಲಿ, ಆ ಕೇಬಲ್ಲನ್ನು ಜೀವಂತ ಇಟ್ಟುಕೊಳ್ಳುವುದೇ ಮೊದಲ ಕೆಲಸ. ರಸ್ತೆ ಅಗೆಯುವಾಗ ತುಂಡಾದದ್ದನ್ನು ಆ ವಾರವೇ ಜೋಡಿಸುವುದು, ಕರೆಂಟ್ ಹೋದಾಗ ಓಡಲು ಬ್ಯಾಟರಿ ಇಡುವುದು, ಪಂಚಾಯಿತಿ ಆಫೀಸಿನಿಂದ ಶಾಲೆ ಆಸ್ಪತ್ರೆ ತನಕ ಇನ್ನೊಂದಿಷ್ಟು ದೂರ ಎಳೆಯುವುದು. ಇದು ಯಾರಿಗೂ ರೋಚಕ ಅನ್ನಿಸುವುದಿಲ್ಲ, ಗೊತ್ತು. ಆದರೆ ಆಕಾಶದ ಆಸೆ ತೋರಿಸಿ ನೆಲದ ಕೇಬಲ್ಲನ್ನು ಮರೆಸಿದರೆ ನಮ್ಮ ಊರುಗಳಿಗೆ ಅನ್ಯಾಯ. ಕೆಳಕಕ್ಷೆಯ ಉಪಗ್ರಹ ಬೇಕಾಗಿರುವುದು ಕೇಬಲ್ ಎಳೆಯಲು ಆಗದ ಗುಡ್ಡದ ಹಟ್ಟಿಗಳಿಗೆ, ತೋಟದ ಮನೆಗಳಿಗೆ, ಕೇಬಲ್ ತುಂಡಾದ ದಿನ ಆಸ್ಪತ್ರೆಗೆ. ಅಲ್ಲಿ ಅದು ನಿಜವಾಗಿಯೂ ದೊಡ್ಡ ಉಪಕಾರ.

ಸರ್ಕಾರದ ಕಡೆಯಿಂದ ಆಗಬೇಕಾದ್ದೂ ಒಂದಿದೆ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂದರೆ ಏನು ಅನ್ನುವ ವ್ಯಾಖ್ಯೆಯನ್ನು 2023ರ ಜನವರಿಯಲ್ಲಿ ಬದಲಿಸಿದರು. ಕನಿಷ್ಠ ವೇಗ 512 ಕೆಬಿಪಿಎಸ್ ಇದ್ದದ್ದು 2 ಎಂಬಿಪಿಎಸ್ ಆಯಿತು. ತಡ ಇಷ್ಟರೊಳಗೆ ಇರಬೇಕು ಅನ್ನುವ ಮಾತು ಅದರಲ್ಲಿಲ್ಲ. ಅಂದರೆ ಭಾವನ ಶಾಲೆಯ ಆ ಸಂಪರ್ಕವೂ ಕಾಗದದ ಮೇಲೆ ಬ್ರಾಡ್‌ಬ್ಯಾಂಡೇ. ಅಮೆರಿಕದಲ್ಲಿ 2020ರಲ್ಲಿ ಹಳ್ಳಿಗಳ ಇಂಟರ್ನೆಟ್‌ಗೆ ಸರ್ಕಾರದ ದುಡ್ಡು ಹಂಚುವ ಹರಾಜು ನಡೆದಾಗ, 100 ಮಿಲಿಸೆಕೆಂಡ್ ಒಳಗೆ ಕೊಡುವವರನ್ನು ಒಂದು ಗುಂಪು, 750ರ ತನಕ ಹೋಗುವವರನ್ನು ಬೇರೆ ಗುಂಪು ಅಂತ ಮಾಡಿ, ಎರಡನೆಯವರನ್ನು ಹಿಂದಕ್ಕೆ ತಳ್ಳುವಂತೆ ಅಂಕ ಇಟ್ಟಿದ್ದರು. ನಮ್ಮಲ್ಲೂ ಡಿಜಿಟಲ್ ಭಾರತ್ ನಿಧಿಯಿಂದ ಹಳ್ಳಿಗಳಿಗೆ ಉಪಗ್ರಹ ಸಂಪರ್ಕ ಕೊಡುವುದಾದರೆ ಇಂಥದ್ದೊಂದು ಗೆರೆ ಎಳೆಯಬೇಕು. ಎಂಬಿಪಿಎಸ್ ಪಕ್ಕದಲ್ಲೇ ಮಿಲಿಸೆಕೆಂಡನ್ನೂ ಬಿಲ್ಲಿನ ಮೇಲೆ ಅಚ್ಚು ಹಾಕಿಸಬೇಕು.

ಅಲ್ಲಿಯ ತನಕ ನಾವೇ ಅಳೆದುಕೊಳ್ಳಬೇಕು. ಯಾರಾದರೂ ಡೆಮೊ ಕೊಡಲು ಬಂದರೆ ಬೆಳಗ್ಗೆ ಹನ್ನೊಂದಕ್ಕೆ ಒಪ್ಪಬೇಡಿ, ಎಲ್ಲರೂ ಮೊಬೈಲ್ ಹಿಡಿಯುವ ರಾತ್ರಿ ಎಂಟೂವರೆಗೆ ಬನ್ನಿ ಅನ್ನಿ. ಒಂದು ಫೋನಿನಲ್ಲಿ ದೊಡ್ಡ ವಿಡಿಯೋ ಅಪ್‌ಲೋಡ್‌ಗೆ ಹಾಕಿ, ಅದು ಓಡುತ್ತಿರುವಾಗಲೇ ಇನ್ನೊಂದರಲ್ಲಿ ಪಿಂಗ್ ನೋಡಿ. ಸುಮ್ಮನಿರುವಾಗ 40 ತೋರಿಸಿ, ಅಪ್‌ಲೋಡ್ ಹೊತ್ತಿನಲ್ಲಿ 300 ತೋರಿಸಿದರೆ ಉಪಗ್ರಹದ ತಪ್ಪಿಲ್ಲ, ರೂಟರಿನಲ್ಲೋ ಕಂಪನಿಯ ಸಾಲಿನಲ್ಲೋ ಡೇಟಾ ಕೊಳೆಯುತ್ತಿದೆ, ಅದನ್ನು ಸರಿಮಾಡಿಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಸುಮ್ಮನಿರುವಾಗಲೇ 600 ತೋರಿಸಿದರೆ ನಿಮಗೆ ತೋರಿಸುತ್ತಿರುವುದು ಭೂಸ್ಥಿರ ಉಪಗ್ರಹದ ನೆಟ್ಟು, ಎಂಬಿಪಿಎಸ್ ಎಷ್ಟೇ ಹೇಳಲಿ. ಆಮೇಲೆ ಗೇಟ್‌ವೇ ಯಾವ ಊರಿನಲ್ಲಿದೆ ಅಂತ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.